ಕೋಡ್ ಸರಿಮಾಡಿಸಿ ಮಾರಿದ್ರೆ ವೆಬ್‌ಸೈಟಿಗೆ ಹೆಚ್ಚು ಬೆಲೆ ಬರುತ್ತಾ?

ಪ್ರಶ್ನೆ: ನಮ್ಮದೊಂದು ಕೃಷಿ ಮಾಹಿತಿಯ ಕನ್ನಡ ಸೈಟ್, 2009ರಿಂದ ನಡೀತಿದೆ. ಜಾಹೀರಾತಿಂದ ಖರ್ಚು ಕಳೆದು ತಿಂಗಳಿಗೆ 12 ಸಾವಿರ ಉಳಿಯುತ್ತೆ. ಮಾರೋಣ ಅಂತಿದ್ದೀವಿ. ಪರಿಚಯದ ಡೆವಲಪರ್ ಒಬ್ಬರು ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ (ಪುಟದ ಕೋಡ್ ವೆಬ್ ಸ್ಟ್ಯಾಂಡರ್ಡ್ ಪ್ರಕಾರ ಇದೆಯಾ ಅಂತ ನೋಡೋ ಟೂಲ್) ಹಾಕಿ ನೂರಾರು ಎರರ್ ತೋರಿಸಿದ್ರು. "ಸ್ಟ್ಯಾಂಡರ್ಡ್ ಪ್ರಕಾರ ಇಲ್ಲದಿದ್ರೆ ಯಾರೂ ಮೂಸಲ್ಲ, 60 ಸಾವಿರ ಕೊಡಿ, ಕ್ಲೀನ್ ಮಾಡ್ಕೊಡ್ತೀನಿ" ಅಂತಾರೆ. ಮಾಡಿಸ್ಲಾ?

ಉತ್ತರ: ಬೇಡ. ಐದು ತಿಂಗಳ ಲಾಭ ಹೋಗುತ್ತೆ, ವಾಪಸ್ ಬರಲ್ಲ. ದುಡಿಯೋ ಸೈಟ್ ಕೊಳ್ಳೋರು ಮೊದಲು ಕೇಳೋದು ಕಳೆದ ವರ್ಷದ ಆದಾಯದ ಲೆಕ್ಕ, ಆಮೇಲೆ ಅನಲಿಟಿಕ್ಸ್, ಅಂದ್ರೆ ಓದುಗರು ಎಷ್ಟು ಬಂದ್ರು ಅನ್ನೋ ಲೆಕ್ಕ. ವೆಬ್‌ಸೈಟ್ ಮಾರೋ-ಕೊಳ್ಳೋ ಫ್ಲಿಪ್ಪಾದಂಥ ಕಡೆ ಇಂಥ ಸೈಟಿಗೆ ಬೆಲೆ ಕಟ್ಟೋದೂ ಲಾಭದ ಇಷ್ಟು ಪಟ್ಟು ಅಂತಲೇ. ಪುಟದ ಕೋಡ್ (ಎಚ್‌ಟಿಎಂಎಲ್) ಅಚ್ಚುಕಟ್ಟಾಗಿದೆ ಅಂತ ಗೂಗಲ್ ಕೂಡ ಮೇಲಕ್ಕೆ ಹತ್ತಿಸಲ್ಲ. ನಿಮ್ಮ ನೂರಾರು ಎರರ್‌ನಲ್ಲಿ ಮುಕ್ಕಾಲು ಪಾಲು ಹಳೇ ಸೆಂಟರ್ ಟ್ಯಾಗು, ಚಿತ್ರಕ್ಕೆ ಆಲ್ಟ್ (ವಿವರಣೆ) ಬರೆಯದೇ ಇರೋದು, ಇಂಥವೇ ಇರ್ತವೆ.

ಆದ್ರೆ ಕೋಡ್ ಬೆಲೆ ಇಳಿಸಬಲ್ಲದು. ಕೊಳ್ಳೋರ ಪರವಾಗಿ ಸೈಟ್ ತಪಾಸಣೆ ಮಾಡೋದು ನನ್ನ ಕೆಲಸ. ನಾಳೆ ಇದನ್ನ ಹೊಸ ಸರ್ವರಿಗೆ ಹಾಕಿದ್ರೆ ಏನೇನು ಕೈಕೊಡುತ್ತೆ ಅಂತ ನೋಡ್ತೀನಿ. ಇಂಥ ಹಳೇ ಸೈಟ್ ಸಾಮಾನ್ಯವಾಗಿ ಪಿಎಚ್‌ಪಿ ಅನ್ನೋ ಭಾಷೆಯಲ್ಲಿ ಬರೆದಿರ್ತಾರೆ; ಡೇಟಾಬೇಸ್ ಜೊತೆ ಮಾತಾಡೋ ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನ ಅದರ 7.0 ವರ್ಷನ್‌ನಲ್ಲೇ ತೆಗೆದುಹಾಕಿದಾರೆ, 7.4ಕ್ಕೆ ಭದ್ರತಾ ಅಪ್‌ಡೇಟ್ ಕೂಡ 2022ರ ನವೆಂಬರಿಗೆ ನಿಂತುಹೋಯ್ತು. ನಿಮ್ಮದು ಇನ್ನೂ 5.6ರ ಮೇಲೆ ಕೂತಿದ್ರೆ ಹೊಸದಾಗಿ ಬರೆಸೋ ಖರ್ಚು ನೇರ ಬೆಲೆಯಿಂದ ಕಳೆಯುತ್ತೆ. ಪುಕ್ಕಟೆ ಇಳಿಸ್ಕೊಂಡ 'ನಲ್ಡ್' ಥೀಮ್ (ದುಡ್ಡು ಕೊಟ್ಟು ಕೊಳ್ಳಬೇಕಾದ ವಿನ್ಯಾಸದ ಕಳ್ಳ ಪ್ರತಿ) ಕಂಡ್ರಂತೂ ಕೈಬಿಡಿ ಅಂತೀನಿ.

ಅಂದಹಾಗೆ 2009 ಅಂದ್ರಿ. ಹಳೇ ಲೇಖನ ಯುನಿಕೋಡಾ (ಎಲ್ಲ ಕಡೆ ಕನ್ನಡವಾಗೇ ಉಳಿಯೋದು), ನುಡಿ ಆಸ್ಕಿನಾ (ನುಡಿ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡ ಕಾಣೋದು)? ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ.

ಪ್ರಶ್ನೆ: ಹಾಕಿದೆ ಸರ್. 'ಅಡಿಕೆ' ಇದ್ದಲ್ಲಿ ಸಿ, ಆರ್, ಪಿ, ಆಮೇಲೆ ತಲೆ ಮೇಲೆ ಗೀಟಿರೋ ಒಂದು ಇ ಬಂತು! ಮೊದಲ ಮುನ್ನೂರು ಲೇಖನ ಹೀಗೇ ಇರ್ಬೇಕು. ಸೈಟಲ್ಲಿ ಚೆನ್ನಾಗೇ ಕಾಣುತ್ತಲ್ಲಾ?

ಉತ್ತರ: ಕಾಣುತ್ತೆ, ಫಾಂಟ್ ವೇಷ ಹಾಕಿದೆ ಅಷ್ಟೇ, ಒಳಗಿರೋದು ಆ ಇಂಗ್ಲಿಷ್ ಅಕ್ಷರಗಳೇ. 'ಅಡಿಕೆ ಕೊಳೆರೋಗ' ಅಂತ ರೈತರು ಹುಡುಕಿದ್ರೆ ನಿಮ್ಮ ಬೋರ್ಡೋ ದ್ರಾವಣದ ಲೇಖನ ಗೂಗಲ್ಲಿಗೆ ಸಿಗಲ್ಲ. ನನ್ನ ಲೆಕ್ಕದಲ್ಲಿ ಆ ಮುನ್ನೂರಕ್ಕೆ ಬೆಲೆ ಸೊನ್ನೆ. ನಿಮಗೆ ಬೇಕಾದ 'ಸ್ಟ್ಯಾಂಡರ್ಡ್' ಯುನಿಕೋಡ್ ಒಂದೇ, ದುಡ್ಡು ಇಲ್ಲಿ ಹಾಕಿ.

ಇನ್ನೊಬ್ಬ ಸದಸ್ಯ: ಆಸ್ಕಿಯಿಂದ ಯುನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಪುಕ್ಕಟೆ ಸಿಗುತ್ತಲ್ಲಾ, ಅರ್ಧ ಗಂಟೆ ಕೆಲಸ.

ಉತ್ತರ: ಪರಿವರ್ತನೆ ಅರ್ಧ ಗಂಟೆ, ತಿದ್ದೋದಕ್ಕೆ ವಾರಗಟ್ಟಲೆ. ಅರ್ಕಾವತ್ತು ಜಾಗ ತಪ್ಪುತ್ತೆ. ಮಧ್ಯೆ ಇಂಗ್ಲಿಷಲ್ಲಿ ಬರೆದಿದ್ದ ಔಷಧಿ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಆಗ್ತವೆ, ಕೃಷಿ ಸೈಟಲ್ಲಿ ಅದು ಅಪಾಯ. ಕನ್ನಡ ಬಲ್ಲ ಒಬ್ಬರನ್ನ ಕೂರಿಸಿ ಓದಿಸಿ. ಲೇಖನಗಳ ಯುಆರ್‌ಎಲ್ ಬದಲಾಗಬಾರದು, ಬದಲಾದ್ರೆ 301 ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸೋ ವ್ಯವಸ್ಥೆ) ಹಾಕಿಸಿ.

ಪ್ರಶ್ನೆ: ಮಾಡಿಸಿದ ತಕ್ಷಣ ಮಾರಬಹುದಾ?

ಉತ್ತರ: ಆರು ತಿಂಗಳು ತಡೀರಿ. ಹೊಸ ಓದುಗರು ಬಂದಿದ್ದು ಅನಲಿಟಿಕ್ಸಲ್ಲಿ ಕಂಡರೆ ಮಾತ್ರ ಜಾಸ್ತಿ ಕೇಳೋಕೆ ಆಧಾರ. ಅಷ್ಟರಲ್ಲಿ ಪಿಎಚ್‌ಪಿ ವರ್ಷನ್ ಯಾವುದು ಅಂತ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ನೋಡಿ ಇಲ್ಲೇ ಹಾಕಿ.