ಏಳು ಸೆಕೆಂಡು ಗುರುತ್ವ ಇಲ್ಲದಿದ್ದರೆ?

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್‌ನಿಂದ ಹುಟ್ಟಿದ ಚರ್ಚೆ. ನಡುವೆ ಬಂದ ಶುಭಾಶಯ, ಸ್ಟಿಕ್ಕರ್‌ಗಳನ್ನು ತೆಗೆದು ಮಿಕ್ಕಿದ್ದನ್ನು ಹಾಗೇ ಇಟ್ಟಿದ್ದೇನೆ.)

ಚಿಕ್ಕಪ್ಪ: [ಫಾರ್ವರ್ಡ್] 2026ರ ಆಗಸ್ಟ್ 12ರ ಸೂರ್ಯಗ್ರಹಣದ ಹೊತ್ತಿಗೆ ಎರಡು ಬ್ಲ್ಯಾಕ್ ಹೋಲ್‌ಗಳ ಅಲೆ ಭೂಮಿಗೆ ಬಡಿದು ಏಳು ಸೆಕೆಂಡು ಗುರುತ್ವಾಕರ್ಷಣೆ ಇರುವುದಿಲ್ಲ! ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ಎಲ್ಲರೂ ಓದಿ. ದಿನಾಂಕ ಸಮೇತ ಕೊಟ್ಟಿದ್ದಾರೆ.

ನಾನು: ಚಿಕ್ಕಪ್ಪ, ಗ್ರಹಣ ನಿಜ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಕಡೆ ಪೂರ್ಣ ಗ್ರಹಣ. ಉಳಿದದ್ದೆಲ್ಲ ಸುಳ್ಳು. ದಯವಿಟ್ಟು ಬೇರೆಯವರಿಗೆ ಕಳಿಸಬೇಡಿ.

ಚಿಕ್ಕಪ್ಪ: ಸುಳ್ಳು ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ರೆ ಹೇಗಪ್ಪಾ? ಗ್ರಹಣದಲ್ಲಿ ಸೂರ್ಯ, ಚಂದ್ರ ಎರಡೂ ಒಂದೇ ಕಡೆಯಿಂದ ಎಳೀತವೆ. ಆಗ ಭೂಮಿಯ ಸೆಳೆತ ಕಡಿಮೆ ಆಗಲೇಬೇಕಲ್ಲ?

ಅಕ್ಕ: ಕಡಿಮೆ ಆಗುತ್ತೆ ಚಿಕ್ಕಪ್ಪ, ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಎಷ್ಟು? ಕೋಟಿಯಲ್ಲಿ ಎರಡು ಪಾಲೂ ಇಲ್ಲ. 60 ಕೆಜಿ ತೂಗುವವರಿಗೆ ಸುಮಾರು 10 ಮಿಲಿಗ್ರಾಂ ವ್ಯತ್ಯಾಸ. ಅದಕ್ಕೆ ಗ್ರಹಣವೇ ಆಗಬೇಕಂತಿಲ್ಲ, ಪ್ರತಿ ಅಮಾವಾಸ್ಯೆಗೂ ಸೂರ್ಯ, ಚಂದ್ರ ಹೆಚ್ಚುಕಮ್ಮಿ ಒಂದೇ ದಿಕ್ಕಿನಲ್ಲೇ ಇರ್ತವೆ. ಸಮುದ್ರದ ಉಬ್ಬರ ಅವತ್ತು ಜಾಸ್ತಿ ಇರೋದು ಅದಕ್ಕೇ.

ಚಿಕ್ಕಪ್ಪ: ಸರಿ, ಬ್ಲ್ಯಾಕ್ ಹೋಲ್ ಅಲೆ? ಅದೂ ಸುಳ್ಳಾ?

ನಾನು: ಅಲೆ ನಿಜ. 2015ರ ಸೆಪ್ಟೆಂಬರ್ 14ರಂದು ಅಂಥದ್ದೊಂದು ಅಲೆ ಇಂಥ ಅಲೆ ಹಿಡಿಯೋಕೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೋ ಉಪಕರಣಗಳಿಗೆ ಮೊದಲ ಸಲ ಸಿಕ್ಕಿತು. ಸೂರ್ಯನ ಸುಮಾರು 36 ಪಟ್ಟು, 29 ಪಟ್ಟು ದ್ರವ್ಯರಾಶಿಯ ಎರಡು ಬ್ಲ್ಯಾಕ್ ಹೋಲ್‌ಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ಆಚೆ ಕೂಡಿಕೊಂಡಾಗ ಎದ್ದದ್ದು. ಮೂರು ಸೂರ್ಯರಷ್ಟು ದ್ರವ್ಯ ಆ ಅಲೆಯ ಶಕ್ತಿಯಾಗಿ ಹೊರಟುಹೋಯಿತು. ಅಷ್ಟು ದೊಡ್ಡ ಘಟನೆ ಇಲ್ಲಿ ಮಾಡಿದ್ದೇನು ಗೊತ್ತಾ? ಲೈಗೋದ 4 ಕಿಮೀ ಉದ್ದದ ಕೊಳವೆಯ ಅಳತೆಯನ್ನು ಒಂದು ಪ್ರೋಟಾನ್‌ನ ಅಗಲಕ್ಕಿಂತಲೂ ಎಷ್ಟೋ ಕಡಿಮೆ ಅಲುಗಿಸಿತು. ಅವತ್ತು ಆ ಅಲೆ ನಮ್ಮೆಲ್ಲರ ಮೈಯೊಳಗಿಂದಲೇ ದಾಟಿ ಹೋಗಿದೆ, ಯಾರಿಗೂ ಗೊತ್ತಾಗಲಿಲ್ಲ. ಅಲೆ ಜಾಗವನ್ನು ಕೊಂಚ ಹಿಗ್ಗಿಸಿ ಕುಗ್ಗಿಸುತ್ತೆ, ಅಷ್ಟೆ. ಗುರುತ್ವವನ್ನು ಆರಿಸೋದಿಲ್ಲ.

ಭಾವ: ಇಷ್ಟೊಂದು ಯಾಕೆ ತಲೆಬಿಸಿ? ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲವೇ ಇಲ್ಲ, ಅಲ್ಲಿರೋರು ಆರಾಮಾಗಿ ತೇಲ್ತಾ ಇಲ್ವಾ? ಏಳು ಸೆಕೆಂಡು ನಾವೂ ತೇಲಿದ್ರೆ ಏನೂ ಮುಳುಗಲ್ಲ.

ಅಕ್ಕ: ರೀ, ಅಲ್ಲಿ ಗುರುತ್ವ ಇದೆ! ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿಮೀ ಮೇಲೆ. ಇಲ್ಲಿನ ಸೆಳೆತದ ಹೆಚ್ಚುಕಮ್ಮಿ 90 ಪರ್ಸೆಂಟ್ ಅಲ್ಲೂ ಇದೆ.

ಭಾವ: ಮತ್ತೆ ಬೀಳಲ್ಲ ಯಾಕೆ?

ಅಕ್ಕ: ಬೀಳ್ತಾನೇ ಇದೆ. ನಿಲ್ದಾಣ, ಅದರೊಳಗಿನ ಜನ, ಎಲ್ಲಾ ಒಟ್ಟಿಗೆ.

ಭಾವ: ಇದು ಮಾತಿನ ಚಮತ್ಕಾರ ಆಯ್ತು.

ನಾನು: ಅಲ್ಲ ಭಾವ, ಲೆಕ್ಕ ಹಾಕಿ ನೋಡಿ. ಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತೆ. ಭೂಮಿ ದುಂಡಗಿರೋದರಿಂದ 8 ಕಿಮೀ ಮುಂದೆ ಹೋದರೆ ನೆಲವೂ 5 ಮೀಟರ್ ಕೆಳಗಿಳಿದಿರುತ್ತೆ. ಗಾಳಿ ಅಡ್ಡ ಬರದ ಕಡೆ ಸೆಕೆಂಡಿಗೆ 8 ಕಿಮೀ ವೇಗದಲ್ಲಿ ಅಡ್ಡಕ್ಕೆ ಎಸೆದರೆ ಅದು ಎಷ್ಟು ಬೀಳುತ್ತೋ ನೆಲವೂ ಅಷ್ಟೇ ಬಾಗಿ ಜಾರಿಹೋಗುತ್ತೆ. ಬಿದ್ದೂ ಬಿದ್ದೂ ತಲುಪೋದೇ ಇಲ್ಲ. ಗುರುತ್ವ ಇಲ್ಲದಿದ್ದರೆ ನಿಲ್ದಾಣ ಸುತ್ತುತ್ತಲೇ ಇರಲಿಲ್ಲ, ನೇರ ಗೆರೆ ಹಿಡಿದು ಹೊರಟುಬಿಡ್ತಿತ್ತು. ಕಕ್ಷೆ ಅನ್ನೋದನ್ನ ಬಾಗಿಸೋದೇ ಗುರುತ್ವ.

ಭಾವ: ಹ್ಞೂಂ. ಇದು ಒಪ್ಪಬಹುದು. ಆದರೆ ಮಾತಿಗೆ ಕೇಳ್ತೀನಿ, ನಿಜವಾಗಿ ಏಳು ಸೆಕೆಂಡು ಆರಿಹೋದ್ರೆ? ಸೂರ್ಯನಿಂದ ಭೂಮಿ ಕಳಚಿಕೊಂಡು ಹೋಗುತ್ತಾ?

ನಾನು: ಏಳು ಸೆಕೆಂಡಿನಲ್ಲಿ ಭೂಮಿ ತನ್ನ ದಾರಿಯಲ್ಲಿ ಸುಮಾರು 210 ಕಿಮೀ ಓಡಿರುತ್ತೆ. ಬಾಗಬೇಕಿದ್ದ ದಾರಿಯಿಂದ ಆಚೆ ಸರಿದಿರೋದು ಬರೀ 15 ಸೆಂಮೀ ಆಸುಪಾಸು.

ಭಾವ: ನೋಡಿ! ನಾವು ಎಷ್ಟು ಮೇಲೆ ಹೋಗ್ತೀವಿ?

ಅಕ್ಕ: ನಿಂತಿದ್ದವರು, ಗಾಳಿಯ ಲೆಕ್ಕ ಬಿಟ್ಟರೆ, ಭೂಮಿ ತಿರುಗೋದರಿಂದಷ್ಟೇ ಮೇಲೇಳೋದು. ಹೆಚ್ಚೆಂದರೆ 80 ಸೆಂಮೀ ಚಿಲ್ಲರೆ.

ಭಾವ: ಅಂದ್ರೆ ಒಂದು ಮೀಟರೂ ಇಲ್ಲ. ನಾನು ಹೇಳಿದ್ದೇ ಸರಿ, ಹೆದರುವಂಥದ್ದೇನೂ ಇಲ್ಲ.

ನಾನು: ಭಾವ, ಕಾಲ ಕೆಳಗೆ ನೋಡಿ. ನಾವು ಮನುಷ್ಯರು ಹಾರೋದನ್ನೇ ಲೆಕ್ಕ ಹಾಕ್ತಿದೀವಿ. ಭೂಮಿಯ ನಡುವಿನಲ್ಲಿ ವಾತಾವರಣದ ಒತ್ತಡದ ಸುಮಾರು 36 ಲಕ್ಷ ಪಟ್ಟು ಒತ್ತಡ ಇದೆ. ಅಲ್ಲಿನ ಕಬ್ಬಿಣವನ್ನು ಹಾಗೆ ಅದುಮಿಟ್ಟಿರೋದು ಮೇಲಿನ ಕಲ್ಲಿನ ತೂಕ. ಗುರುತ್ವ ಹೋದ ಕ್ಷಣವೇ ತೂಕ ಹೋಯಿತು. ಅದುಮಿದ್ದೆಲ್ಲ ಹಿಗ್ಗೋಕೆ ಶುರು ಮಾಡುತ್ತೆ, ಸಮುದ್ರದ ತಳದಿಂದ, ಬಂಡೆಯ ಆಳದಿಂದ, ಎಲ್ಲಾ ಕಡೆಯಿಂದಲೂ ಹೊರಮುಖವಾಗಿ ನೂಕು ಏಳುತ್ತೆ. ಏಳು ಸೆಕೆಂಡಾದ ಮೇಲೆ ಗುರುತ್ವ ವಾಪಸ್ ಬಂದರೂ ಆ ನೂಕು ನಿಲ್ಲೋದಿಲ್ಲ. ಇಳಿದು ನಿಲ್ಲೋಕೆ ನೆಲ ಇದ್ದ ಹಾಗೇ ಇರೋದಿಲ್ಲ ಭಾವ. ಸೂರ್ಯನ ಕತೆಯೂ ಇದೇ. ಒಳಗಿನ ಒಂದೂವರೆ ಕೋಟಿ ಡಿಗ್ರಿ ಬಿಸಿಯನ್ನು ಹಿಡಿದಿಟ್ಟಿರೋದು ಅದರದೇ ತೂಕ.

ಅಕ್ಕ: ಇದನ್ನೇ ನಾನು ಕ್ಲಾಸಲ್ಲೂ ಒತ್ತಿ ಹೇಳೋದು. ಗುರುತ್ವ ಭೂಮಿಗೆ ಹೊರಗಿನಿಂದ ಯಾರೋ ಕೊಟ್ಟ ಸೌಕರ್ಯ ಅಲ್ಲ, ನಿಲ್ಲಿಸೋಕೆ. ದ್ರವ್ಯ ಇದ್ದ ಕಡೆ ಅದು ಇದೆ. ಚದುರಿದ ಧೂಳು, ಕಲ್ಲು ಒಟ್ಟುಗೂಡಿ ಭೂಮಿ ಆಗಿದ್ದೇ ಅದರಿಂದ.

ಪುಟ್ಟಿ: ಅಮ್ಮಾ, ಅದಕ್ಕೇನಾ ಭೂಮಿ ರೌಂಡು?

ಅಕ್ಕ: ಹ್ಞೂಂ ಪುಟ್ಟಿ, ಎಲ್ಲವೂ ನಡುವಿನ ಕಡೆಗೇ ಬೀಳೋಕೆ ನೋಡಿದ್ರೆ ದುಂಡಗೇ ಆಗೋದು.

ಪುಟ್ಟಿ: ಮಾಮ ಮೊನ್ನೆ ತೋರಿಸಿದ ಮಂಗಳನ ಚಂದ್ರ ಸೊಟ್ಟಗಿತ್ತು!

ನಾನು: ಫೋಬೋಸ್! ಸುಮಾರು 22 ಕಿಮೀ ಅಷ್ಟೇ ಕಂದಾ. ಅಷ್ಟು ಸಣ್ಣದರ ಸೆಳೆತಕ್ಕೆ ಕಲ್ಲಿನ ಗಟ್ಟಿತನವನ್ನು ಗೆಲ್ಲೋಕಾಗಲ್ಲ. ಸುಮಾರು 940 ಕಿಮೀ ಅಡ್ಡಗಲದ ಸೆರೆಸ್ ಅನ್ನೋ ಕುಬ್ಜ ಗ್ರಹ ನೋಡು, ದುಂಡಗಿದೆ.

ಚಿಕ್ಕಪ್ಪ: ಒಟ್ಟುಗೂಡಿಸೋದು ಗುರುತ್ವ ಅಂದ್ರಿ. 1994ರಲ್ಲಿ ಗುರುವಿಗೆ ಧೂಮಕೇತು ಡಿಕ್ಕಿ ಹೊಡೆದಾಗ ಅದನ್ನ ತುಂಡು ಮಾಡಿದ್ದೂ ಗುರುವಿನ ಗುರುತ್ವವೇ ಅಂತ ಆಗ ಪೇಪರಲ್ಲಿ ಓದಿದ್ದೆ. ಎರಡೂ ಹೇಗೆ?

ಅಕ್ಕ: ಒಳ್ಳೇ ಪ್ರಶ್ನೆ ಚಿಕ್ಕಪ್ಪ. ಶೂಮೇಕರ್-ಲೆವಿ 9. 1992ರಲ್ಲಿ ಗುರುವಿನ ತೀರಾ ಹತ್ತಿರ ಹಾದಾಗ ಅದರ ಹತ್ತಿರದ ಬದಿಗೆ ಸೆಳೆತ ಜಾಸ್ತಿ, ದೂರದ ಬದಿಗೆ ಕಡಿಮೆ. ಆ ವ್ಯತ್ಯಾಸ ಧೂಮಕೇತುವಿನ ಸ್ವಂತ ಹಿಡಿತಕ್ಕಿಂತ ಹೆಚ್ಚಾಯಿತು, ಚೂರುಚೂರಾಯಿತು. ನೀವು ಮೊದಲು ಕೇಳಿದ ಸೂರ್ಯ-ಚಂದ್ರರ ಎಳೆತವೂ ಇದೇ ಜಾತಿಯದ್ದು. ನಮ್ಮ ಮೇಲೆ ಚಂದ್ರನ ಎಳೆತ ಸಣ್ಣದು, ಅದಕ್ಕೆ ಬರೀ ಉಬ್ಬರ. ಗುರುವಿನ ಚಂದ್ರ ಅಯೋವನ್ನು ಎಳೆಯೋದು ದೈತ್ಯ ಗುರು, ಅದಕ್ಕೆ ಅದರ ಒಡಲು ಹಿಗ್ಗಿ ಕುಗ್ಗಿ ಕಾದು ಜ್ವಾಲಾಮುಖಿ ಉಗುಳುತ್ತೆ.

ಚಿಕ್ಕಪ್ಪ: ಹಾಗಾದ್ರೆ ಗ್ರಹಣಕ್ಕೂ ಗುರುತ್ವಕ್ಕೂ ಏನೂ ಸಂಬಂಧ ಇಲ್ಲ ಅಂತೀರಿ.

ನಾನು: ಇದೆ ಚಿಕ್ಕಪ್ಪ, ಬಹಳ ದೊಡ್ಡದು! 1919ರ ಮೇ 29ರ ಪೂರ್ಣ ಗ್ರಹಣದಲ್ಲಿ ಬ್ರೆಜಿಲ್‌ನ ಸೊಬ್ರಾಲ್, ಆಫ್ರಿಕಾ ಹತ್ತಿರದ ಪ್ರಿನ್ಸಿಪೆ ದ್ವೀಪ, ಈ ಎರಡು ಕಡೆಯಿಂದ ಸೂರ್ಯನ ಪಕ್ಕದ ನಕ್ಷತ್ರಗಳ ಫೋಟೊ ತೆಗೆದರು. ಸೂರ್ಯನ ಗುರುತ್ವ ಬೆಳಕನ್ನೂ ಬಾಗಿಸುತ್ತೆ ಅಂತ ಐನ್‌ಸ್ಟೈನ್ ಹೇಳಿದ್ದರು, ಸೂರ್ಯನ ಅಂಚಿನಲ್ಲಿ 1.75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಕೋನದ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಅಳತೆ ಅದಕ್ಕೆ ತಾಳೆಯಾಯಿತು. ಅವತ್ತು ಸೂರ್ಯನ ಸೆಳೆತ ಎಂದಿನಷ್ಟೇ ಇತ್ತು. ಚಂದ್ರ ಮಾಡಿದ್ದು ಪ್ರಖರ ಬೆಳಕನ್ನು ಮುಚ್ಚಿದ್ದು ಮಾತ್ರ, ಅದರಿಂದ ನಕ್ಷತ್ರ ಕಂಡವು. ಗ್ರಹಣದ ಬಗ್ಗೆ ಹಂಚೋದಾದ್ರೆ ಇದನ್ನ ಹಂಚಿ. ಆ ಫಾರ್ವರ್ಡ್ ಓದಿ ಯಾರೋ ವಯಸ್ಸಾದವರು, ಯಾವುದೋ ಮಗು ರಾತ್ರಿ ನಿದ್ದೆಗೆಟ್ಟರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಚಿಕ್ಕಪ್ಪ: ಆಗಲೇ ಸ್ನೇಹಿತರ ಗುಂಪಿಗೆ ಹಾಕಿಬಿಟ್ಟಿದೀನಿ. ಅದರ ಕೆಳಗೇ ನಿಮ್ಮಿಬ್ಬರ ಮಾತನ್ನ ಹಾಕ್ತೀನಿ. ಅಲೆಯದ್ದು, 80 ಸೆಂಮೀದು, 1919ರದ್ದು. ಆದರೆ ಗುರುತ್ವವನ್ನ ಆರಿಸೋಕೇ ಆಗಲ್ಲ ಅನ್ನೋದು ನನಗಿನ್ನೂ ಪೂರ್ತಿ ಇಳಿದಿಲ್ಲ. ರಾತ್ರಿ ಫೋನ್ ಮಾಡ್ತೀನಿ.

ಅಕ್ಕ: ಮಾಡಿ ಚಿಕ್ಕಪ್ಪ, 9ರ ಮೇಲೆ ಬಿಡುವಾಗಿರ್ತೀನಿ. 80 ಸೆಂಮೀ ಹಾಕುವಾಗ 'ಭೂಮಧ್ಯರೇಖೆಯ ಹತ್ತಿರ' ಅಂತ ಸೇರಿಸಿ, ಧ್ರುವದಲ್ಲಿ ಅದು ಸೊನ್ನೆ.