ಉಳಿದದ್ದು, ಉಳಿಸಿದ್ದು: ಅರ್ಧಕ್ಕೆ ನಿಂತ ಲಾರಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಸೈಟು ಮಾರಾಟ, ಇವಕ್ಕೆಲ್ಲ ನಾನು ಪದ ಹುಡುಕುವುದಿಲ್ಲ. ಹಳೇ ಫೈಲು ತೆಗೆದು ಹೆಸರು ಬದಲಾಯಿಸಿದರೆ ಆಯಿತು. ಹೋದ ವಾರ ಬಂದ ನಾಲ್ಕು ಸಾಲಿನ ಜಾಹೀರಾತೊಂದು ಮಾತ್ರ ಎರಡು ದಿನ ಕೂತರೂ ಬಗೆಹರಿಯಲಿಲ್ಲ.

ಬೇಲೂರು ಕಡೆಯ ತೋಟದ ಮನೆ ಹುಡುಗ. ಅಜ್ಜನ ಕಾಲದ ಫಾರ್ಗೋ ಲಾರಿಯನ್ನು ಶೆಡ್ಡಿನಿಂದ ಎಳೆದು ತಂದು ಮೂರು ವರ್ಷದಿಂದ ರ‍್ಯಾಟ್ ರಾಡ್ ಮಾಡಿಸುತ್ತಿದ್ದಾನೆ. (ಫಾರ್ಗೋ ಅಮೆರಿಕದ ಕ್ರೈಸ್ಲರ್‌ನವರದು, ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿತ್ತು. ವಯಸ್ಸಾದವರಿಗೆ ಅದರ ಮೂತಿ ನೆನಪಿರುತ್ತದೆ.) ಈಗ ಕೈಯಲ್ಲಿದ್ದ ದುಡ್ಡು ಮುಗಿದಿದೆ, ತಂಗಿಯ ಮದುವೆ ಹತ್ತಿರ ಬಂದಿದೆ. ಆದಷ್ಟು ಬೇಗ ಮಾರಬೇಕು.

ರ‍್ಯಾಟ್ ರಾಡ್ ಅಂದರೇನು ಅಂತ ನನಗೂ ಗೊತ್ತಿರಲಿಲ್ಲ. ಟೈಪ್ ಮಾಡುವ ಹುಡುಗಿ ‘ಇಲಿ ಸಲಾಕೆ’ ಅಂತ ಹೊಡೆದು ನಗುತ್ತಾ ಕೂತಿದ್ದಳು. ಅಮೆರಿಕದಲ್ಲಿ ಹುಡುಗರು 1930ರ ಆಸುಪಾಸಿನ ಫೋರ್ಡ್ ಕಾರುಗಳ ಮಡ್‌ಗಾರ್ಡು ಬಿಚ್ಚಿ, ಟಾಪು ಕತ್ತರಿಸಿ ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ ಓಡಿಸುತ್ತಿದ್ದರಂತೆ. ಅದು ಹಾಟ್ ರಾಡ್. ಬರಬರುತ್ತಾ ಅದಕ್ಕೆ ಕ್ರೋಮು, ಕನ್ನಡಿಯಂಥ ಪೇಂಟು ಎಲ್ಲ ಬಂದು ದುಡ್ಡಿದ್ದವರ ಪ್ರದರ್ಶನದ ಗಾಡಿಯಾಯಿತು. ಅದಕ್ಕೆ ಸೆಡ್ಡು ಹೊಡೆದು, ತುಕ್ಕು, ವೆಲ್ಡಿಂಗ್ ಗಂಟು ಎಲ್ಲ ಕಾಣುವ ಹಾಗೇ ಬಿಟ್ಟದ್ದು ರ‍್ಯಾಟ್ ರಾಡ್. ಮುಗಿಯದ ಹಾಗೆ ಕಾಣುವುದೇ ಅದರ ಮುಗಿದ ರೂಪ.

ತೊಡಕು ಇರುವುದು ಇಲ್ಲೇ. ಇವನ ಲಾರಿ ಆ ಲೆಕ್ಕದಲ್ಲೂ ಮುಗಿದಿಲ್ಲ. ಬ್ರೇಕ್ ಲೈನ್ ಎಳೆದಿಲ್ಲ, ವೈರಿಂಗ್ ಆಗಿಲ್ಲ, ಸೀಟು ಗಾಜು ಎರಡೂ ಇಲ್ಲ. ನೋಡಲು ಬರುವವನಿಗೆ ಯಾವುದು ಬೇಕೆಂದು ಬಿಟ್ಟದ್ದು, ಯಾವುದು ಆಗದೆ ನಿಂತದ್ದು ಅಂತ ಹೇಗೆ ತಿಳಿಯಬೇಕು?

ಮೊದಲು ‘ಅರೆಬರೆ’ ಬರೆದೆ. ಹುಡುಗ ಒಪ್ಪಲಿಲ್ಲ. ಯೋಚಿಸಿದರೆ ಅವನು ಹೇಳಿದ್ದು ಸರಿ. ಅರೆಬೆಂದ, ಅರೆಹೊಟ್ಟೆ, ಅರೆಜೀವ, ಎಲ್ಲಿ ನೋಡಿದರೂ ‘ಅರೆ’ ಅಂದರೆ ಕೊರತೆಯೇ. ಮೊಗ್ಗೊಂದು ಅರೆಬಿರಿದರೆ ಚೆಂದ, ಲಾರಿ ಅರೆಬಿರಿದರೆ ಯಾರು ಕೇಳುತ್ತಾರೆ? ‘ಅಪೂರ್ಣ’ ಅಂದರೆ ಹಳೇಬೀಡಿನ ಗೈಡ್ ಮಾತಾಡಿದ ಹಾಗಿರುತ್ತದೆ. ‘ಕೆಲಸ ಬಾಕಿ ಇದೆ’ ಸರಿಹೋದೀತು ಅಂದುಕೊಂಡೆ, ಅಂಗಡಿಗೆ ಬಂದಿದ್ದ ಆಟೋದವರು ಓದಿ, “ಎಷ್ಟು ಕಂತು ಬಾಕಿ ಐತೆ?” ಅಂದರು. ಗಾಡಿ ಜೊತೆ ‘ಬಾಕಿ’ ಬಂದರೆ ನಮ್ಮ ಕಡೆ ಅದು ಫೈನಾನ್ಸಿನವರದ್ದೇ.

ಹಳೇ ಗಾಡಿಯನ್ನು ಬೈಯಲು ಮಾತ್ರ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಒಂದೊಂದಕ್ಕೂ ಒಂದೊಂದು ತೂಕವಿದೆ. ‘ಡಕೋಟ’ ಸದ್ದು ಮಾಡಿಕೊಂಡಾದರೂ ಓಡುತ್ತದೆ. ‘ಲಟಾರಿ’ ಓಡಿದರೂ ನಂಬುವ ಹಾಗಿಲ್ಲ. ‘ಕಂಡಮ್’ ಆದದ್ದರ ಮೇಲೆ ಯಾರೋ ತೀರ್ಪು ಕೊಟ್ಟಾಗಿದೆ. ‘ಗುಜರಿ’ ಅಂದ ಕ್ಷಣ ರೇಟು ಕಿಲೋ ಲೆಕ್ಕಕ್ಕೆ ಇಳಿಯುತ್ತದೆ. ಟಿಂಕರಿಂಗ್ ಮಾಡುವ ಸಾಬರು ಈ ಲಾರಿಯನ್ನು ಮೂರು ವರ್ಷದಿಂದ ಪ್ರೀತಿಯಿಂದಲೇ ‘ಗುಜರಿ’ ಅಂತ ಕರೆಯುತ್ತಿದ್ದಾರೆ. ಜಾಹೀರಾತಿನಲ್ಲಿ ಆ ಪ್ರೀತಿ ಕಾಣಬೇಕಲ್ಲ!

ಕೊನೆಗೆ ನಾನೇ ಶೆಡ್ಡಿಗೆ ಹೋದೆ. ಲಾರಿಯ ಬಾಗಿಲ ಮೇಲೆ ಹಳೇ ಪೇಂಟರ್ ಕೈಬರಹದಲ್ಲಿ ತೋಟದ ಹೆಸರು, ಅರ್ಧ ಅಳಿಸಿದೆ, ಎರಡು ಒತ್ತಕ್ಷರ ಮಾತ್ರ ಗಟ್ಟಿಯಾಗಿ ನಿಂತಿವೆ. ಹುಡುಗ ನನ್ನ ಹೆಬ್ಬೆರಳು ಹಿಡಿದು ಬಾಗಿಲ ಮೇಲೆ ಉಜ್ಜಿದ. ಬೆರಳಿಗೆ ಏನೂ ಅಂಟಲಿಲ್ಲ, ತುಕ್ಕಿನ ಮೇಲೆ ಬಣ್ಣವಿಲ್ಲದ ವಾರ್ನಿಷ್ ಹೊಡೆದಿದ್ದಾನೆ. ಆಮೇಲೆ ಚಾಸಿ ಹತ್ತಿರ ಉಜ್ಜಿಸಿದ. ಬೆರಳು ಇಟ್ಟಿಗೆ ಪುಡಿಯಲ್ಲಿ ಅದ್ದಿದ ಹಾಗೆ ಕೆಂಪಗಾಯಿತು. “ಚಾಸೀದು ಹಿಡಿದಿರೋ ತುಕ್ಕು ಅಣ್ಣ, ಬಾಗಿಲದ್ದು ಹಿಡಿಸಿರೋದು. ಬಾಗಿಲದ್ದು ಹಿಂಗೇ ಇರ್ಬೇಕು, ಚಾಸೀದನ್ನ ತೆಗೀಬೇಕು” ಅಂದ.

ನಾನು ಎರಡು ದಿನ ಹುಡುಕಿದ್ದು ಅವನ ಬಾಯಲ್ಲೇ ಇತ್ತು. ಕನ್ನಡದಲ್ಲಿ ತುಕ್ಕು ತಾನಾಗಿ ಬಂದು ಹಿಡಿಯುತ್ತದೆ, ದೆವ್ವ ಹಿಡಿದ ಹಾಗೆ, ಹುಚ್ಚು ಹಿಡಿದ ಹಾಗೆ. ಕಬ್ಬಿಣದ್ದು ಇದರಲ್ಲಿ ಏನೂ ಇಲ್ಲ. ಒಂದು ‘ಇಸು’ ಸೇರಿಸಿ ನೋಡಿ, ಹಿಂದೆ ಮನುಷ್ಯ ಬಂದು ನಿಲ್ಲುತ್ತಾನೆ. ‘ಹಿಡಿಸಿದ’ ಅಂದರೆ ಮನಸ್ಸಿಗೆ ಬಂದ ಎಂಬ ಅರ್ಥವೂ ಇದೆ ಎನ್ನುವುದು ಮೇಲುಲಾಭ. ಇದೇ ದಾರಿಯಲ್ಲಿ ‘ಉಳಿದದ್ದು’ ಮತ್ತು ‘ಉಳಿಸಿದ್ದು’. ಮೊದಲನೆಯದು ಆಗಬೇಕಾದ ಕೆಲಸ, ಎರಡನೆಯದು ಕೈ ಹಚ್ಚದೆ ಕಾಪಾಡಿದ್ದು. ಹೀಗೆ ಬರೆದೆ:

“ಮಾರಾಟಕ್ಕಿದೆ. ಹಳೇ ಫಾರ್ಗೋ ಲಾರಿ, ರ‍್ಯಾಟ್ ರಾಡ್ ಆಗುತ್ತಿರುವುದು. ಉಳಿಸಿದ್ದು: ಮೂಲ ಬಣ್ಣ, ತುಕ್ಕು, ಬಾಗಿಲ ಬರಹ. ಉಳಿದದ್ದು: ಬ್ರೇಕ್ ಲೈನ್, ವೈರಿಂಗ್, ಸೀಟು, ಗಾಜು, ಚಾಸಿ ಪೇಂಟ್. ರಸ್ತೆಗೆ ಇಳಿದಿಲ್ಲ. ಇದ್ದಲ್ಲಿ, ಇದ್ದ ಹಾಗೆ.”

‘ವಿಂಟೇಜ್’ ಹಾಕಿ ಅಂತ ಹುಡುಗ ಹಟ ಮಾಡಿದ. ನಾನು ಹಾಕಲಿಲ್ಲ. 2021ರ ಕೇಂದ್ರ ನಿಯಮದಲ್ಲಿ ಆ ಪದಕ್ಕೆ ಗಟ್ಟಿ ಅರ್ಥವೇ ಬಂದುಬಿಟ್ಟಿದೆ. 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದಾಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಟಾಪು ಕತ್ತರಿಸಿದ ಲಾರಿಗೆ ಅದು ಹೊಂದುವುದಿಲ್ಲ. ‘ಮಾರ್ಪಡಿಸಿದ’ ಬೇಡವೆಂದವನು ಹುಡುಗನೇ. ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಮಾರ್ಪಾಡಿನ ಬಗ್ಗೆ ಇರುವ 52ನೇ ಕಲಂ ಹಿಡಿದು ಆರ್‌ಟಿಒದವರು ಕೇಳುವುದು ಅದನ್ನೇ ಅಂತ ಅವನಿಗೂ ಗೊತ್ತು. ಅದಕ್ಕೇ ‘ರಸ್ತೆಗೆ ಇಳಿದಿಲ್ಲ’ ಎಂದು ಸೇರಿಸಿದ್ದು.

ಕರಡು ಓದಿ ಸಾಬರು ಬಿದ್ದು ಬಿದ್ದು ನಕ್ಕರು. “ಉಳಿಸಿದ್ದಾ? ಮೂರು ವರ್ಷದಲ್ಲಿ ನಾಲ್ಕಾಣೆ ಉಳಿಸಿಲ್ಲ ಈ ಹುಡುಗ!” ದುಡ್ಡು ಉಳಿಸುವ ಅರ್ಥ ನನಗೆ ಹೊಳೆದಿರಲೇ ಇಲ್ಲ. ಪತ್ರಿಕೆಯಲ್ಲಿ ಓದುವವರೂ ಹಾಗೇ ತಿಳಿಯಬಹುದೇ? ‘ಹಾಗೇ ಬಿಟ್ಟದ್ದು’ ಅನ್ನಬಹುದು, ಆದರೆ ಅದರಲ್ಲಿ ಮತ್ತೆ ಉದಾಸೀನದ ವಾಸನೆ ಬರುತ್ತದೆ.

ಇನ್ನೊಂದು. ಕಾಫಿಯಲ್ಲಿ ‘ಮುಗಿಯದ ಕಾಫಿ’ ಅಂತ ಯಾರೂ ಅನ್ನುವುದಿಲ್ಲ. ಹಣ್ಣು ಒಣಗಿಸಿದರೆ ಚೆರಿ, ಪಲ್ಪ್ ಮಾಡಿ (ಸಿಪ್ಪೆ ಸುಲಿದು) ಒಣಗಿಸಿದರೆ ಪಾರ್ಚ್‌ಮೆಂಟ್, ಹೊಟ್ಟು ಬಿಡಿಸುವ ಕ್ಯೂರಿಂಗ್ ಆದರೆ ಕ್ಲೀನ್ ಕಾಫಿ. ಹಂತಕ್ಕೊಂದು ಹೆಸರು, ಹೆಸರಿಗೊಂದು ರೇಟು. ಬಡಗಿ, ಕಮ್ಮಾರ, ಕುಂಬಾರರ ಮಾತಿನಲ್ಲಿ ಹೀಗೆ ಅರ್ಧದಲ್ಲಿರುವ ವಸ್ತುವಿಗೆ, ಹೀನಾಯ ಇಲ್ಲದೆ, ಹೆಸರಿದ್ದರೆ ದಯವಿಟ್ಟು ತಿಳಿಸಿ. ಸುಡದ ಮಡಕೆಗೆ ‘ಹಸಿ ಮಡಕೆ’ ಅನ್ನುತ್ತೇವೆ, ಆದರೆ ಹಸಿ ಲಾರಿ ಅನ್ನಲು ಧೈರ್ಯ ಬರುತ್ತಿಲ್ಲ.

ಕಾಗುಣಿತದ್ದೂ ಒಂದು ಪ್ರಶ್ನೆ. ಸುಮ್ಮನೆ ಹೊಡೆದರೆ ‘ರ್ಯಾಟ್’ ಅಂತ ಅರ್ಕಾವೊತ್ತು ಬರುತ್ತದೆ, ಪದದ ಶುರುವಿನಲ್ಲೇ ಅರ್ಕಾವೊತ್ತು ನೋಡಿ ಓದುಗ ತಡವರಿಸುತ್ತಾನೆ. ‘ರ‍್ಯಾಲಿ’ಯಂತೆ ‘ರ‍್ಯಾಟ್’ ಮಾಡಿದರೆ ನನ್ನ ಕಂಪ್ಯೂಟರಿನಲ್ಲಿ ಸರಿ, ಪ್ರೆಸ್ಸಿಗೆ ಹೋದಾಗ ಒಡೆಯುತ್ತದೆ. ‘ರಾಟ್’ ಅಂತ ಬರೆಯೋಣವೆಂದರೆ ಅದನ್ನು ನೋಡಿದವರು ಇದು ಬಾವಿಯ ರಾಟೆಯೇ ಅಂತ ಕೇಳಿದರು. ನೀವೆಲ್ಲ ಏನು ಮಾಡುತ್ತೀರಿ? ಶುಕ್ರವಾರ ಸಂಜೆಯೊಳಗೆ ತಿಳಿಸಿದರೆ ಭಾನುವಾರದ ಪೇಪರಿಗೆ ಕಳಿಸುತ್ತೇನೆ.