ಒಂದೇ ಸ್ವಿಚ್‌ನಲ್ಲಿ ಎರಡು ಇಂಟರ್‌ನೆಟ್ ಸಂಪರ್ಕಗಳನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಚೇರಿಯ 16 ಪೋರ್ಟ್‌ಗಳ ಮ್ಯಾನೇಜ್ಡ್ ಸ್ವಿಚ್‌ಗೆ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಎರಡು ರೂಟರ್‌ಗಳನ್ನು ಜೋಡಿಸಿದಂದಿನಿಂದ ಕಂಪ್ಯೂಟರ್‌ಗಳು ಒಮ್ಮೆ ಒಂದರಿಂದ, ಮತ್ತೊಮ್ಮೆ ಇನ್ನೊಂದರಿಂದ ಐಪಿ ವಿಳಾಸ ಪಡೆಯುತ್ತಿವೆ. ಇನ್ನೊಂದು ಸ್ವಿಚ್ ಕೊಳ್ಳದೆ ಇವನ್ನು ಬೇರ್ಪಡಿಸಬಹುದೇ?

ಉತ್ತರ 1: ಖಂಡಿತ ಸಾಧ್ಯ. ಡಿಎಚ್‌ಸಿಪಿ ಕೋರಿಕೆಯು (ಕಂಪ್ಯೂಟರ್ ಐಪಿ ವಿಳಾಸ ಕೇಳುವ ಸಂದೇಶ) ಬ್ರಾಡ್‌ಕಾಸ್ಟ್ (ಜಾಲದ ಎಲ್ಲ ಸಾಧನಗಳಿಗೂ ಹೋಗುವ ಸಂದೇಶ) ಆಗಿರುವುದರಿಂದ ಅದು ಎರಡೂ ರೂಟರ್‌ಗಳನ್ನು ತಲುಪುತ್ತದೆ, ಮತ್ತು ಸಾಮಾನ್ಯವಾಗಿ ಮೊದಲು ಬಂದ ಉತ್ತರವೇ ಗೆಲ್ಲುತ್ತದೆ. 1ರಿಂದ 8ರವರೆಗಿನ ಪೋರ್ಟ್‌ಗಳನ್ನು ವಿಎಲ್ಯಾನ್ 10ಕ್ಕೂ (ವಿಎಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ರಚಿಸುವ ಪ್ರತ್ಯೇಕ ಜಾಲ) ಉಳಿದವನ್ನು ವಿಎಲ್ಯಾನ್ 20ಕ್ಕೂ ಅನ್‌ಟ್ಯಾಗ್ಡ್ (ದತ್ತಾಂಶಕ್ಕೆ ವಿಎಲ್ಯಾನ್ ಗುರುತು ಅಂಟಿಸದ) ಆಗಿ ಸೇರಿಸಿ, ಗುಂಪಿಗೊಂದರಂತೆ ರೂಟರ್ ಜೋಡಿಸಿರಿ.

ಉತ್ತರ 2: ಪಿವಿಐಡಿಯನ್ನೂ (ಪೋರ್ಟ್‌ಗೆ ಗುರುತಿಲ್ಲದೆ ಬರುವ ದತ್ತಾಂಶ ಯಾವ ವಿಎಲ್ಯಾನ್‌ಗೆ ಸೇರಬೇಕೆಂದು ಹೇಳುವ ಸಂಖ್ಯೆ) ಬದಲಿಸಲು ಮರೆಯಬೇಡಿ, ಅಗ್ಗದ ಸ್ವಿಚ್‌ಗಳಲ್ಲಿ ಅದು ಹೆಚ್ಚಾಗಿ ಬೇರೊಂದು ಪುಟದಲ್ಲಿರುತ್ತದೆ (ಅದನ್ನು ಹುಡುಕುತ್ತಾ ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ). ಎಲ್ಲ ಪೋರ್ಟ್‌ಗಳನ್ನೂ ವಿಎಲ್ಯಾನ್ 1ರಿಂದ (ಸಾಮಾನ್ಯವಾಗಿ ಎಲ್ಲ ಪೋರ್ಟ್‌ಗಳೂ ಮೊದಲಿಗೆ ಇರುವ ವಿಎಲ್ಯಾನ್) ತೆಗೆಯುವ ಮುನ್ನ, ಸ್ವಿಚ್‌ನ ನಿರ್ವಹಣಾ ಪುಟ ಯಾವ ವಿಎಲ್ಯಾನ್‌ನಲ್ಲಿ ತೆರೆಯುತ್ತದೆಂದು ನೋಡಿಕೊಳ್ಳಿ.

ಪ್ರಶ್ನಿಸಿದವರು: ಪ್ರಿಂಟರ್ ಮಾತ್ರ ಎರಡೂ ಗುಂಪಿಗೆ ಬೇಕಲ್ಲವೇ?

ಉತ್ತರ 1: ಹಾಗಿದ್ದರೆ ಎರಡೂ ವಿಎಲ್ಯಾನ್‌ಗಳ ನಡುವೆ ರೂಟಿಂಗ್ ಮಾಡಬಲ್ಲ (ಒಂದರಿಂದ ಇನ್ನೊಂದಕ್ಕೆ ದತ್ತಾಂಶ ಸಾಗಿಸಬಲ್ಲ) ಒಂದೇ ರೂಟರ್ ಬಳಸುವುದು ಮೇಲು.